ಬಂಧನದಿಂದ ಜೈಲಿನವರೆಗೆ: ದಿನದ ಲೆಕ್ಕ ಎಲ್ಲಿಂದ ಶುರು?

ಎಲ್‌ಎಲ್‌ಬಿ ಓದುವವರೂ ಪಿಎಸ್‌ಐ ಪರೀಕ್ಷೆಗೆ ಕೂತವರೂ ಕಲಂ ಸಂಖ್ಯೆಗಳನ್ನು ಹೇಗೋ ಬಾಯಿಪಾಠ ಮಾಡಿಬಿಡುತ್ತಾರೆ. ಎಡವುವುದು ದಿನ ಎಣಿಸುವಾಗ. ಅದಕ್ಕೇ ಒಂದು ಕಾಲ್ಪನಿಕ ಪ್ರಕರಣ ಹಿಡಿದು ಹೋಗೋಣ. ಕಲಂಗಳೆಲ್ಲ 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯವು.

ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಹಣ ಕಳವಾಗಿದೆ. ಮಾರ್ಚ್ 4ರ ರಾತ್ರಿ 9ಕ್ಕೆ ಒಬ್ಬನ ಬಂಧನ. ಮನೆಯೊಳಗಿನ ಕಳವಿಗೆ ಗರಿಷ್ಠ 7 ವರ್ಷ ಶಿಕ್ಷೆ. 7 ವರ್ಷದವರೆಗಿನ ಅಪರಾಧಗಳಲ್ಲಿ ಹಿಡಿದು ತರುವುದೇ ನಿಯಮವಲ್ಲ. ಕಲಂ 35(3)ರ ನೋಟಿಸ್ ಕೊಟ್ಟು ಕರೆಸಬಹುದು. ಬಂಧಿಸಿದರೆ ಯಾಕೆ ಬೇಕಾಯಿತು ಎಂದು ಬರೆದಿಡಬೇಕು. ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಒತ್ತಿ ಹೇಳಿದ್ದು ಇದನ್ನೇ. ಅರೆಸ್ಟ್ ಮೆಮೊ (ಬಂಧನದ ದಾಖಲೆ ಪತ್ರ), ಮನೆಯವರಿಗೆ ಸುದ್ದಿ, ವೈದ್ಯಕೀಯ ತಪಾಸಣೆ ಎಲ್ಲರಿಗೂ ಗೊತ್ತಿರುವುದೇ, ಮುಂದಕ್ಕೆ ಹೋಗೋಣ.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು 24 ಗಂಟೆ, ದಾರಿಯ ಸಮಯ ಬಿಟ್ಟು. ಭಾನುವಾರ, ಹಬ್ಬ ಎಂಬ ನೆಪ ನಡೆಯದು. ರಜೆಯಿದ್ದರೆ ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ. ವಕೀಲರನ್ನು ಇಡಲು ಕೈಲಾಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಕೇಳಬೇಕಾದದ್ದು ಈ ಮೊದಲ ಹಾಜರಿಯಲ್ಲೇ. ಎಷ್ಟೋ ಜನ ಕೇಳುವುದೇ ಇಲ್ಲ.

ನಮ್ಮ ಆರೋಪಿ ಮಾರ್ಚ್ 5ರಂದು ಹಾಜರಾದ, ನ್ಯಾಯಾಂಗ ಬಂಧನಕ್ಕೆ ಹೋದ. ಹಾಗೆಂದರೆ ಠಾಣೆಯಲ್ಲ, ಕೋಲಾರದ ಜಿಲ್ಲಾ ಕಾರಾಗೃಹ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಹಳೆಯ ಸಂಹಿತೆಯಲ್ಲಿ ಅದು ಮೊದಲ 15 ದಿನದೊಳಗೇ ಮುಗಿಯಬೇಕಿತ್ತು; ಈಗ ಇಂಥ ಪ್ರಕರಣದಲ್ಲಿ ಮೊದಲ 40 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಕೇಳಬಹುದು. ನನ್ನ ಮಟ್ಟಿಗೆ ಆರೋಪಿಗೆ ಇದು ಸಣ್ಣ ಬದಲಾವಣೆಯಲ್ಲ. ಜೈಲು ಸೇರಿದೆ, ಇನ್ನು ಠಾಣೆಯ ಕಾಟವಿಲ್ಲ ಎಂದು ಉಸಿರುಬಿಡುವ ಹಾಗಿಲ್ಲ.

ಚಾರ್ಜ್‌ಶೀಟ್‌ಗೆ ಇಲ್ಲಿ 60 ದಿನ (10 ವರ್ಷ ಅಥವಾ ಹೆಚ್ಚಿನ ಸೆರೆ, ಜೀವಾವಧಿ, ಮರಣದಂಡನೆಯ ಅಪರಾಧಗಳಿಗೆ 90). ಎಣಿಕೆ ಬಂಧನದ ದಿನದಿಂದಲ್ಲ, ಮೊದಲ ರಿಮ್ಯಾಂಡ್ ದಿನದಿಂದ (ಮ್ಯಾಜಿಸ್ಟ್ರೇಟರು ಮೊದಲ ಬಾರಿ ಕಸ್ಟಡಿಗೆ ಒಪ್ಪಿಸಿದ ದಿನ), ಆ ದಿನವನ್ನೂ ಸೇರಿಸಿ. 2023ರಲ್ಲಿ ಸುಪ್ರೀಂ ಕೋರ್ಟ್ ಈ ಗೊಂದಲ ಬಗೆಹರಿಸಿತು. ಮಾರ್ಚ್ 5ರಿಂದ ಎಣಿಸಿದರೆ 60ನೇ ದಿನ ಮೇ 3. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಮೇ 4ರಿಂದ ಜಾಮೀನು ಹಕ್ಕು. ಆದರೆ ತಾನಾಗಿ ಬಾಗಿಲು ತೆರೆಯುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿಗೆ ಮೊದಲೇ ಚಾರ್ಜ್‌ಶೀಟ್ ಬಂತೋ, ಹಕ್ಕು ಹೋಯಿತು. ನಮ್ಮವನು ಮೇ 4ರಂದೇ ಅರ್ಜಿ ಹಾಕಿ, ಶ್ಯೂರಿಟಿ ಹೊಂದಿಸಿ 6ರಂದು ಹೊರಬಂದ ಎನ್ನಿ.

ವಿಚಾರಣೆ ಮುಗಿದು ಅಪರಾಧಿ ಎಂದಾಯಿತು. ಶಿಕ್ಷೆ ಎಷ್ಟು ಎಂಬುದಕ್ಕೆ ಬೇರೆಯಾಗಿಯೇ ವಾದ ಕೇಳಬೇಕು. ವಯಸ್ಸು, ಮನೆಯ ಸ್ಥಿತಿ, ಇದು ಮೊದಲ ತಪ್ಪೇ ಎಂಬುದೆಲ್ಲ ಬರುವುದು ಆಗ. ಕಲಂನಲ್ಲಿ 7 ವರ್ಷ ಎಂದಿದ್ದರೂ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯ 3 ವರ್ಷಕ್ಕಿಂತ ಹೆಚ್ಚು ಕೊಡಲಾರದು. ಹೆಚ್ಚು ಬೇಕೆನಿಸಿದರೆ ಸಿಜೆಎಂ (ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಅವರಿಗೆ ಕಳಿಸಬೇಕು. ಇವನಿಗೆ 3 ವರ್ಷ ಸೆರೆ, 5,000 ರೂಪಾಯಿ ದಂಡ, ಕಟ್ಟದಿದ್ದರೆ ಇನ್ನೊಂದು ತಿಂಗಳು.

ಅಂದೇ ಜೈಲೇ? ಇರಲಾರದು. ಜಾಮೀನಿನ ಮೇಲಿದ್ದು ಶಿಕ್ಷೆ 3 ವರ್ಷ ಮೀರದಿದ್ದರೆ, ಮೇಲ್ಮನವಿ ಸಲ್ಲಿಸುವಷ್ಟು ಕಾಲ ನಿರಾಕರಿಸಲು ವಿಶೇಷ ಕಾರಣವಿಲ್ಲದಿದ್ದರೆ ಅದೇ ನ್ಯಾಯಾಲಯ ಜಾಮೀನು ಕೊಡಬೇಕು (ಕಲಂ 430). ಮೇಲ್ಮನವಿಯೂ ಬಿದ್ದುಹೋದರೆ ವಾರಂಟ್ ಸಮೇತ ಜೈಲು. ಜೈಲಿನ ಅಧಿಕಾರಿಗೆ ಆಧಾರ ಆ ವಾರಂಟ್ ಒಂದೇ. ಗೇಟಿನಲ್ಲಿ ತಪಾಸಣೆ, ಮೈಮೇಲಿನ ಗುರುತು, ವೈದ್ಯರ ಪರೀಕ್ಷೆ ಮುಗಿದು ವಿಚಾರಣಾಧೀನ ಬಂದಿ ಸಜಾಬಂದಿಯಾಗುತ್ತಾನೆ. ಯಾವ ಜೈಲು ಎಂದು ನಿರ್ಧರಿಸುವ ಅಧಿಕಾರ ಸರ್ಕಾರದ್ದು. ಕೋಲಾರದ ಕಡೆಯ ದೀರ್ಘ ಶಿಕ್ಷೆಯವರು ಎಂದರೆ ನಮ್ಮ ಜನರ ಬಾಯಲ್ಲಿ ಬರುವ ಹೆಸರು ಪರಪ್ಪನ ಅಗ್ರಹಾರ.

ಮೊದಲು ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕು (ಕಲಂ 468). ಪರೀಕ್ಷೆಯಲ್ಲಿ ಸಿಕ್ಕಿಸುವುದು ಇಲ್ಲೇ: ಈ ಎಣಿಕೆ ಬಂಧನದ ದಿನದಿಂದ. ಮಾರ್ಚ್ 4ರಿಂದ 28, ಏಪ್ರಿಲ್ 30, ಮೇ 6, ಒಟ್ಟು 64 ದಿನ. ದಂಡ ಕಟ್ಟದ್ದಕ್ಕೆ ಬಿದ್ದ ಒಂದು ತಿಂಗಳಿಗೆ ಈ ವಜಾ ಸಿಗದು. ಆದರೆ ಆ ತಿಂಗಳ ನಡುವೆ ಮನೆಯವರು ಹಣ ಕಟ್ಟಿದರೆ ದಂಡದ ಸೆರೆ ಅಲ್ಲಿಗೇ ಮುಗಿಯಿತು.