ಲೇಖಕರ ಹೆಸರಿಲ್ಲದ ಪುಸ್ತಕ: ಮಾರ್ವೆಲ್‌ಮ್ಯಾನ್ ಹಾದುಬಂದ ದಾರಿ

2014ರಲ್ಲಿ ಅಮೆರಿಕದ ಮಾರ್ವೆಲ್ ಸಂಸ್ಥೆ ‘ಮಿರಾಕಲ್‌ಮ್ಯಾನ್’ ಕಾಮಿಕ್ಸ್‌ನ ಹಳೆಯ ಕಂತುಗಳನ್ನು ಸೇರಿಸಿ ಸಂಪುಟವಾಗಿ ತಂದಿತು. ಬರೆದವರ ಹೆಸರು ಇರಬೇಕಾದ ಜಾಗದಲ್ಲಿ ‘ಮೂಲ ಲೇಖಕ’ ಎಂದಷ್ಟೇ ಅಚ್ಚಾಗಿತ್ತು. ಅದು ಆಲನ್ ಮೂರ್ ಎಂದು ಕಾಮಿಕ್ಸ್ ಬಲ್ಲವರಿಗೆಲ್ಲ ಗೊತ್ತು. ಹೆಸರು ಹಾಕಬೇಡಿ ಎಂದವರೂ ಅವರೇ. ಹೊಸದಾಗಿ ಈ ಪುಸ್ತಕ ಹಿಡಿದವರಿಗೆ ಇಲ್ಲಿಂದಲೇ ಗೊಂದಲ ಶುರುವಾಗುತ್ತದೆ. ಒಬ್ಬನೇ ನಾಯಕನಿಗೆ ಮಾರ್ವೆಲ್‌ಮ್ಯಾನ್, ಮಿರಾಕಲ್‌ಮ್ಯಾನ್ ಎಂಬ ಎರಡು ಹೆಸರೇಕೆ? ಇಷ್ಟು ಹೊಗಳಿಸಿಕೊಂಡ ಕೃತಿ ಎರಡು ದಶಕ ಅಂಗಡಿಯಲ್ಲಿ ಸಿಗದೆ ಹೋದದ್ದೇಕೆ? ಉತ್ತರಕ್ಕೆ 1940ರಿಂದ ಹೊರಡಬೇಕು.

ಆ ವರ್ಷ ಅಮೆರಿಕದ ಫಾಸೆಟ್ ಪ್ರಕಾಶನದ ಕ್ಯಾಪ್ಟನ್ ಮಾರ್ವೆಲ್ ಓದುಗರ ಮುಂದೆ ಬಂದ. ‘ಶಜಾಮ್’ ಎಂದೊಡನೆ ಬಾಲಕನೊಬ್ಬ ಮಹಾಬಲಶಾಲಿಯಾಗುವ ಕಥೆ ಅದು. ಸೂಪರ್‌ಮ್ಯಾನ್‌ನನ್ನೂ ಮೀರಿಸಿ ಮಾರಾಟವಾದ ದಿನಗಳಿದ್ದವು. ಇವನು ನಮ್ಮವನ ನಕಲು ಎಂದು ಸೂಪರ್‌ಮ್ಯಾನ್ ಪ್ರಕಾಶಕರು 1941ರಲ್ಲಿ ದಾವೆ ಹೂಡಿದರು. ಹನ್ನೆರಡು ವರ್ಷ ಎಳೆದಾಡಿದ ಮೇಲೆ 1953ರಲ್ಲಿ ಫಾಸೆಟ್ ರಾಜಿಯಾಗಿ ಪಾತ್ರವನ್ನೇ ನಿಲ್ಲಿಸಿತು. ಅದರ ಪೆಟ್ಟು ಲಂಡನ್ನಿನಲ್ಲಿ ಎಲ್. ಮಿಲ್ಲರ್ ಅಂಡ್ ಸನ್ ಎಂಬ ಸಣ್ಣ ಪ್ರಕಾಶನಕ್ಕೂ ಬಿತ್ತು. ಕ್ಯಾಪ್ಟನ್ ಮಾರ್ವೆಲ್‌ನನ್ನು ಅಲ್ಲಿ ಕಪ್ಪುಬಿಳುಪಿನಲ್ಲಿ ಮರುಮುದ್ರಿಸಿ ಮಾರುತ್ತಿದ್ದವರು ಅವರೇ. ಸರಕು ನಿಂತಿತು, ಗಿರಾಕಿಗಳಿನ್ನೂ ಇದ್ದರು. ಮಿಲ್ಲರ್ ಪ್ರಕಾಶನದವರು ಮಿಕ್ ಆಂಗ್ಲೊ ಎಂಬ ಕಲಾವಿದರನ್ನು ಕರೆದು, ಅಂಥದ್ದೇ ಒಬ್ಬನನ್ನು ಮಾಡಿಕೊಡಿ ಎಂದರು. 1954ರ ಫೆಬ್ರವರಿಯಲ್ಲಿ ಮಾರ್ವೆಲ್‌ಮ್ಯಾನ್ ಬಂದ. ಹಳೆಯ ಪತ್ರಿಕೆಯ ಸಂಖ್ಯೆಯನ್ನೇ ಮುಂದುವರಿಸಿದ್ದರಿಂದ ಅವನ ಮೊದಲ ಸಂಚಿಕೆಯ ಮೇಲೆ 25 ಎಂದಿತ್ತು.

ಪತ್ರಿಕಾಲಯದಲ್ಲಿ ಓಡಾಟದ ಕೆಲಸ ಮಾಡುವ ಹುಡುಗ ಮಿಕ್ಕಿ ಮೊರಾನ್. ಮಂತ್ರಪದ ‘ಕಿಮೋಟ’. ‘ಅಟಾಮಿಕ್’ ಎಂಬ ಪದದ ಉಚ್ಚಾರವನ್ನು ಹಿಂದುಮುಂದು ಮಾಡಿದರೆ ಹುಟ್ಟುವ ಶಬ್ದ. ಜೊತೆಗೆ ಯಂಗ್ ಮಾರ್ವೆಲ್‌ಮ್ಯಾನ್, ಕಿಡ್ ಮಾರ್ವೆಲ್‌ಮ್ಯಾನ್ ಎಂಬ ಇಬ್ಬರು ಕಿರಿಯರು. ವಾರವಾರವೂ ದುಷ್ಟ ವಿಜ್ಞಾನಿ ಗಾರ್ಗುಂಜನ ಕಾಟ, ನಾಯಕನ ಗೆಲುವು. ನಿರುಪದ್ರವಿ ಮಕ್ಕಳ ಕಥೆಗಳು. 1959ರಲ್ಲಿ ಬ್ರಿಟನ್ ಅಮೆರಿಕದ ಬಣ್ಣದ ಕಾಮಿಕ್ಸ್‌ಗೆ ಬಾಗಿಲು ತೆರೆದ ಮೇಲೆ ಈ ಕಪ್ಪುಬಿಳುಪಿನ ಹುಡುಗರು ಸೊರಗಿದರು. 1963ರಲ್ಲಿ ಎಲ್ಲವೂ ಮುಗಿಯಿತು.

ಹತ್ತೊಂಬತ್ತು ವರ್ಷಗಳ ಬಳಿಕ, 1982ರ ಮಾರ್ಚ್‌ನಲ್ಲಿ, ಡೆಜ್ ಸ್ಕಿನ್ ಸಂಪಾದಕತ್ವದ ‘ವಾರಿಯರ್’ ಮಾಸಿಕದ ಮೊದಲ ಸಂಚಿಕೆಯಲ್ಲಿ ಅವನು ಮತ್ತೆ ಕಾಣಿಸಿಕೊಂಡ. ಬರೆದವರು ನಾರ್ಥಾಂಪ್ಟನ್ನಿನ ತರುಣ ಆಲನ್ ಮೂರ್, ಚಿತ್ರ ಗ್ಯಾರಿ ಲೀಚ್ ಅವರದು. ಈ ಇಡೀ ಇತಿಹಾಸದಲ್ಲಿ ನಿಂತು ನೋಡಬೇಕಾದ ಜಾಗ ಇದು. ಆಮೇಲಿನ ಹಕ್ಕಿನ ಜಗಳವೆಲ್ಲ ನಡೆದದ್ದು ಈ ಪುಟಗಳಲ್ಲಿ ಆದದ್ದಕ್ಕಾಗಿ.

ಮೈಕ್ ಮೊರಾನ್‌ಗೆ ಈಗ ನಡುವಯಸ್ಸು. ಹೊಟ್ಟೆ ಬಂದಿದೆ, ತಲೆನೋವು ಕಾಡುತ್ತದೆ, ಪತ್ರಿಕೆಗಳಿಗೆ ಬಿಡಿ ವರದಿ ಬರೆದು ಬದುಕುತ್ತಾನೆ. ಮನೆ ನಡೆಯುವುದು ಹೆಚ್ಚಾಗಿ ಹೆಂಡತಿ ಲಿಜ್‌ಳ ದುಡಿಮೆಯಿಂದ. ಹಾರುವ ಕನಸು ಬೀಳುತ್ತದೆ, ಎಚ್ಚರವಾದಾಗ ಕನಸಿನಲ್ಲಿ ಕೇಳಿದ ಒಂದು ಪದ ಮಾತ್ರ ನೆನಪಿಗೆ ಬಾರದು. ಅಣುಸ್ಥಾವರವೊಂದರ ವರದಿಗೆ ಹೋದಾಗ ಬಂದೂಕುಧಾರಿಗಳು ಅಲ್ಲಿದ್ದವರನ್ನು ಒತ್ತೆಯಿಡುತ್ತಾರೆ. ತಲೆನೋವಿನಿಂದ ಕುಸಿದ ಅವನನ್ನು ಎಳೆದೊಯ್ಯುವಾಗ ಗಾಜಿನ ಬಾಗಿಲ ಮೇಲಿನ ‘ಅಟಾಮಿಕ್’ ಎಂಬ ಬರಹ ಒಳಗಿನಿಂದ ತಿರುಗುಮುರುಗಾಗಿ ಕಾಣುತ್ತದೆ. ಅದನ್ನೇ ಓದುತ್ತಾನೆ. ಮೂವತ್ತು ವರ್ಷದ ಹಿಂದೆ ಮಕ್ಕಳಿಗೆಂದು ಮಾಡಿದ ಅಕ್ಷರದಾಟ ಒಬ್ಬ ಸೋತ ಮನುಷ್ಯನ ನೆನಪಿನ ಕೀಲಿಕೈಯಾದದ್ದು ಹೀಗೆ.

ಮೂರ್ ಹಳೆಯದನ್ನು ತಳ್ಳಿಹಾಕಲಿಲ್ಲ. ಗಾರ್ಗುಂಜ ಇದ್ದಾನೆ, ಕಿರಿಯರು ಇದ್ದಾರೆ, ಐವತ್ತರ ದಶಕದ ಬಾಲಿಶ ಸಾಹಸಗಳೂ ಇವೆ. ಆದರೆ ಅವೆಲ್ಲ ನಡೆದದ್ದು ಕನಸಿನಲ್ಲಿ. ಅನಾಥ ಮಕ್ಕಳನ್ನು ಮಲಗಿಸಿ, ಅನ್ಯಲೋಕದ ತಂತ್ರಜ್ಞಾನದಿಂದ ಪ್ರತಿಯೊಬ್ಬರಿಗೂ ಎರಡನೆಯ ದೇಹವೊಂದನ್ನು ಬೆಳೆಸಿದ ಸರ್ಕಾರಿ ಯೋಜನೆಯ ವಿಜ್ಞಾನಿ ಗಾರ್ಗುಂಜ. ಮಕ್ಕಳ ಮನಸ್ಸನ್ನು ಹಿಡಿತದಲ್ಲಿಡಲು ಅವನು ಕಾಮಿಕ್ಸ್ ಕಥೆಗಳನ್ನೇ ಕನಸಾಗಿ ಉಣಿಸಿದ್ದಾನೆ. ಪದ ನುಡಿದಾಗ ಆಗುವುದು ಒಂದು ಬಗೆಯ ಪರಕಾಯ ಪ್ರವೇಶ: ಒಂದು ದೇಹ ಹಿಂದೆ ಸರಿಯುತ್ತದೆ, ಇನ್ನೊಂದು ಮುಂದೆ ಬರುತ್ತದೆ. ಹಾಗಾದರೆ ಲಿಜ್‌ಳ ಗಂಡ ಯಾರು, ಹುಟ್ಟುವ ಮಗು ಯಾರದು? ಮೂರ್ ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಿಲ್ಲ. ರನ್ನನ ದುರ್ಯೋಧನನಿಗಾಗಿ ಮರುಗಿದ ನಮ್ಮ ಓದುಗರಿಗೆ ಈ ದಾರಿ ಅಪರಿಚಿತವಲ್ಲ: ಕಥೆ ಅದೇ, ನೋಡುವ ಕಣ್ಣು ಬೇರೆ.

ನನ್ನನ್ನು ಹೆಚ್ಚು ಕಲಕುವ ಪಾತ್ರ ಕಿಡ್ ಮಾರ್ವೆಲ್‌ಮ್ಯಾನ್, ಜಾನಿ ಬೇಟ್ಸ್. ಕಥೆಯಲ್ಲಿ, ಮೂವರನ್ನೂ ಮುಗಿಸಲೆಂದು 1963ರಲ್ಲಿ ನಡೆಸಿದ ಅಣುಸ್ಫೋಟದ ಬಳಿಕ ಅವನು ಮರಳಿ ಬಾಲಕನಾಗಲೇ ಇಲ್ಲ. ಬಲಶಾಲಿ ದೇಹದಲ್ಲೇ ಬೆಳೆದು ಕಂಪನಿಯೊಂದರ ಒಡೆಯನಾದ, ಕ್ರೂರಿಯಾದ. ಕಾದಾಟದ ನಡುವೆ ಬಾಯಿತಪ್ಪಿ ಬದಲಾಗುವ ಪದ ಆಡಿದಾಗ ಹದಿಮೂರರ ಹುಡುಗ ಅಳುತ್ತ ನಿಲ್ಲುತ್ತಾನೆ. ಅವನ ಪಾಲಿಗೆ ಕಾಲ ನಿಂತೇಹೋಗಿತ್ತು. ಮುಂದೆ ಆಶ್ರಯದಲ್ಲಿ ಇತರ ಹುಡುಗರ ಹಿಂಸೆ ತಾಳಲಾರದೆ ಅವನು ಮತ್ತೆ ಆ ಪದವನ್ನು ಉಚ್ಚರಿಸುತ್ತಾನೆ. ಲಂಡನ್ ಸ್ಮಶಾನವಾಗುತ್ತದೆ. ಜಾನ್ ಟೋಟಲ್ಬೆನ್ ಬಿಡಿಸಿದ ಆ 15ನೇ ಸಂಚಿಕೆಯಲ್ಲಿ ಹೆಣಗಳ ನಡುವೆ ನಾಯಕ ಕೊನೆಗೆ ಕೊಲ್ಲಬೇಕಾಗುವುದು ಆ ಬಾಲಕನನ್ನು. ಅನಂತರ ಅತಿಮಾನವರು ಭೂಮಿಯ ಆಳ್ವಿಕೆ ವಹಿಸಿಕೊಂಡು ಹಸಿವು, ಯುದ್ಧಗಳನ್ನು ಅಳಿಸುತ್ತಾರೆ. ನೀನೂ ನಮ್ಮಂತಾಗು ಎಂಬ ಕರೆಯನ್ನು ಲಿಜ್ ಒಲ್ಲೆನೆನ್ನುತ್ತಾಳೆ. ಅವಳ ನಿರಾಕರಣೆ ಏಕೆಂದು ನಾಯಕನಿಗೆ ಕೊನೆಗೂ ತಿಳಿಯುವುದಿಲ್ಲ.

ಈ ಕಥೆ ಪೂರ್ತಿ ‘ವಾರಿಯರ್’ನಲ್ಲಿ ಬರಲಿಲ್ಲ. ಲೀಚ್ ನಂತರ ಆಲನ್ ಡೇವಿಸ್ ಚಿತ್ರ ಬಿಡಿಸಿದರು. ಹಣದ ವಿಚಾರಕ್ಕೆ, ನಿರ್ಧಾರಗಳ ವಿಚಾರಕ್ಕೆ ಮನಸ್ತಾಪಗಳು ಬೆಳೆದು 1984ರಲ್ಲಿ 21ನೇ ಸಂಚಿಕೆಗೆ ಕಂತು ನಿಂತಿತು. ಅದೇ ಹೊತ್ತಿಗೆ ‘ಮಾರ್ವೆಲ್’ ಎಂಬ ಹೆಸರಿಗೆ ಅಮೆರಿಕದ ಮಾರ್ವೆಲ್ ಕಡೆಯ ವಕೀಲರ ಆಕ್ಷೇಪವೂ ಬಂತು. ಆ ಪ್ರಕಾಶನ ಮಾರ್ವೆಲ್ ಕಾಮಿಕ್ಸ್ ಎಂಬ ಗುರುತಿನಲ್ಲಿ ನೆಲೆಯೂರಿದ್ದು 1960ರ ದಶಕದಲ್ಲಿ, ಮಾರ್ವೆಲ್‌ಮ್ಯಾನ್ ಹುಟ್ಟಿದ್ದು 1954ರಲ್ಲಿ ಎಂಬ ವಾದ ಎಷ್ಟೇ ನ್ಯಾಯವಾಗಿ ಕಂಡರೂ ಸಣ್ಣ ಪತ್ರಿಕೆಗೆ ದೊಡ್ಡ ಸಂಸ್ಥೆಯೊಡನೆ ಹೋರಾಡುವ ಶಕ್ತಿ ಇರಲಿಲ್ಲ. 1985ರಲ್ಲಿ ಅಮೆರಿಕದ ಎಕ್ಲಿಪ್ಸ್ ಪ್ರಕಾಶನ ಇದನ್ನು ಬಣ್ಣದಲ್ಲಿ ಮುಂದುವರಿಸಿದಾಗ ನಾಯಕನ ಹೆಸರು ಮಿರಾಕಲ್‌ಮ್ಯಾನ್ ಎಂದಾಯಿತು. ಎರಡು ಹೆಸರಿನ ಗುಟ್ಟು ಇಷ್ಟೇ. ಮೂರ್ 1989ರಲ್ಲಿ 16ನೇ ಸಂಚಿಕೆಗೆ ತಮ್ಮ ಕಥೆ ಮುಗಿಸಿ ಬರವಣಿಗೆಯನ್ನು ನೀಲ್ ಗೈಮನ್ ಮತ್ತು ಚಿತ್ರಕಾರ ಮಾರ್ಕ್ ಬಕಿಂಗ್‌ಹ್ಯಾಮ್ ಅವರಿಗೆ ಬಿಟ್ಟುಕೊಟ್ಟರು. 1993ರಲ್ಲಿ 24ನೇ ಸಂಚಿಕೆ ಬಂತು, ಎಕ್ಲಿಪ್ಸ್ ಮುಳುಗಿತು.

ಇಲ್ಲಿಂದ ಸಿಕ್ಕು ಬಿಗಿಯಾಯಿತು. ಎಕ್ಲಿಪ್ಸ್‌ನ ಆಸ್ತಿಯನ್ನು 1996ರಲ್ಲಿ ಕಾಮಿಕ್ಸ್ ಕಲಾವಿದ, ಪ್ರಕಾಶಕ ಟಾಡ್ ಮೆಕ್‌ಫರ್ಲೇನ್ ಕೊಂಡರು. ಅದರಲ್ಲಿ ಮಿರಾಕಲ್‌ಮ್ಯಾನ್ ಸೇರಿದ್ದಾನೆಂದು ಅವರ ನಂಬಿಕೆ. ಮೂರ್ ಕೊಟ್ಟ ಪಾಲು ತಮ್ಮಲ್ಲಿದೆ ಎಂದು ಗೈಮನ್ ನಂಬಿದ್ದರು. ಇಬ್ಬರೂ ನ್ಯಾಯಾಲಯದಲ್ಲಿ ಎದುರಾದರು. 2002ರ ತೀರ್ಪು ಗೈಮನ್ ಪರವಾದರೂ ಅದು ಮುಖ್ಯವಾಗಿ ಬೇರೆ ಪಾತ್ರಗಳ ಕುರಿತಾಗಿತ್ತು. ಇಷ್ಟರಲ್ಲಿ ಹಳೆಯ ಸಂಪುಟಗಳ ಬೆಲೆ ಸಾಮಾನ್ಯ ಓದುಗರ ಕೈಗೆಟುಕದಂತಾಯಿತು. ಪಾಲು ಹಂಚುವ ಮೊದಲೇ ಎಲ್ಲರೂ ಕೇಳಬೇಕಿದ್ದ ಪ್ರಶ್ನೆ ಒಂದಿತ್ತು: ಮಿಲ್ಲರ್ ಪ್ರಕಾಶನ ಮುಚ್ಚಿದಾಗ ಪಾತ್ರ ಯಾರದಾಯಿತು? 2009ರಲ್ಲಿ ಮಾರ್ವೆಲ್ ಸಂಸ್ಥೆ ಹಕ್ಕು ಕೊಂಡದ್ದು ಮಿಕ್ ಆಂಗ್ಲೊ ಅವರಿಂದ. ಆಗ ಅವರಿಗೆ ತೊಂಬತ್ತು ದಾಟಿತ್ತು, 2011ರಲ್ಲಿ ತೀರಿಕೊಂಡರು. ಆ ಹೆಸರಿಗೆ ಒಮ್ಮೆ ಅಡ್ಡಬಂದ ಸಂಸ್ಥೆಯೇ ಈಗ ಪಾತ್ರದ ಒಡೆಯ.

ಆಂಗ್ಲೊ ಅವರಿಗೆ ಹಣ ಸೇರುವುದಾದರೆ ಪುಸ್ತಕ ಬರಲಿ, ನನ್ನ ಹೆಸರು ಬೇಡ ಎಂಬುದು ಮೂರ್ ನಿಲುವಾಗಿತ್ತು. 2014ರಿಂದ ಅವರ ಮೂರು ಭಾಗಗಳೂ ಹೊಸದಾಗಿ ಬಣ್ಣ ತುಂಬಿ ಸಂಪುಟಗಳಾಗಿ ಬಂದಿವೆ. 1993ರಲ್ಲಿ ಅರ್ಧಕ್ಕೆ ನಿಂತ ಗೈಮನ್ ಅವರ ಭಾಗ 2022ರಲ್ಲಿ ಮತ್ತೆ ಶುರುವಾಯಿತು. ಬಕಿಂಗ್‌ಹ್ಯಾಮ್ ಯೌವನದಲ್ಲಿ ಬಿಡಿಸಿದ್ದ ಪುಟಗಳನ್ನು ಎದುರಿಗಿಟ್ಟುಕೊಂಡು, ಸುಮಾರು ಮೂವತ್ತು ವರ್ಷಗಳ ಬಳಿಕ, ಅವೇ ದೃಶ್ಯಗಳನ್ನು ಮತ್ತೊಮ್ಮೆ ಬಿಡಿಸಿದರು.