ಪಾರ್ಕಿಗೆ ಬಾರದವರ ಲೆಕ್ಕ

ಬೆಳಿಗ್ಗೆ ಆರೂವರೆಗೆ ಮಂಗಳೂರಿನ ಕದ್ರಿ ಪಾರ್ಕಿಗೋ ಉಡುಪಿಯ ಅಜ್ಜರಕಾಡು ಪಾರ್ಕಿಗೋ ಹೋಗಿ. ಅಲ್ಲಿ ಸುತ್ತು ಹಾಕುತ್ತಿರುವ ಹಿರಿಯರನ್ನು ನಿಲ್ಲಿಸಿ, ವಯಸ್ಸಾದವರಿಗೆ ಈ ಊರು ಹೇಗಿದೆ ಎಂದು ಕೇಳಿ. ಹೆಚ್ಚಿನವರು ಒಳ್ಳೆಯದನ್ನೇ ಹೇಳುತ್ತಾರೆ. ದೊಡ್ಡ ಆಸ್ಪತ್ರೆಗಳಿವೆ, ದೇವಸ್ಥಾನ ಹತ್ತಿರ ಇದೆ, ರಾತ್ರಿಗೆ ಯಕ್ಷಗಾನ ಇದೆ, ತಾಜಾ ಮೀನು ಸಿಗುತ್ತದೆ. ನೂರು ಜನರನ್ನು ಕೇಳಿದರೂ ಸಾವಿರ ಜನರನ್ನು ಕೇಳಿದರೂ ಉತ್ತರ ಜಾಸ್ತಿ ಬದಲಾಗಲಾರದು. ಯಾಕೆಂದರೆ ಪಾರ್ಕಿನವರೆಗೆ ಬರಲು ಆಗುವವರನ್ನು ಮಾತ್ರ ನಾವು ಕೇಳಿದ್ದೇವೆ. ಮನೆಯ ಮೆಟ್ಟಿಲು ಇಳಿಯಲು ಆಗದವರು ಈ ಲೆಕ್ಕಕ್ಕೇ ಬಂದಿಲ್ಲ.

ಸಮೀಕ್ಷೆ ಮಾಡುವವರಿಗೆ ಇದು ಹಳೆಯ ತಲೆನೋವು. ಜಾಸ್ತಿ ಜನರನ್ನು ಕೇಳಿದರೆ ಲೆಕ್ಕ ಸರಿಯಾಗುತ್ತದೆ ಎಂದು ನಾವು ಸುಮ್ನೆ ನಂಬಿಬಿಡುತ್ತೇವೆ. ಜನರನ್ನು ಆರಿಸುವ ರೀತಿಯೇ ಓರೆಯಾಗಿದ್ದರೆ, ಸಂಖ್ಯೆ ಏರಿದಷ್ಟೂ ತಪ್ಪು ಉತ್ತರದ ಮೇಲಿನ ಭರವಸೆ ಏರುತ್ತದೆ, ಅಷ್ಟೇ. ಹಿರಿಯರ ವಿಷಯದಲ್ಲಂತೂ ಊರು ಯಾರಿಗೆ ಅತಿ ಹೆಚ್ಚು ಕಷ್ಟ ಕೊಡುತ್ತದೋ ಅವರೇ ಬೀದಿಯಲ್ಲಿ ಕಾಣಸಿಗುವುದಿಲ್ಲ.

ಊರು ಹಿರಿಯರಿಗೆ ಎಷ್ಟು ಹೊಂದುತ್ತದೆ ಎಂದು ಅಳೆಯುವುದಕ್ಕೆ ಒಂದು ಚೌಕಟ್ಟು ಈಗಾಗಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದಕ್ಕೆಂದೇ ಒಂದು ಕೈಪಿಡಿ ಹೊರತಂದಿತು. ಅದಕ್ಕಾಗಿ 22 ದೇಶಗಳ 33 ನಗರಗಳಲ್ಲಿ ಹಿರಿಯರನ್ನು ಮತ್ತು ಅವರ ಆರೈಕೆ ಮಾಡುವವರನ್ನು ಕೂರಿಸಿ ಮಾತಾಡಿಸಿದ್ದರು. ಭಾರತದಿಂದ ದೆಹಲಿ, ಉದಯಪುರ ಇದ್ದವು. ರಸ್ತೆ ಮತ್ತು ಕಟ್ಟಡ, ಸಾರಿಗೆ, ವಸತಿ, ಜನರೊಡನೆ ಬೆರೆಯುವ ಅವಕಾಶ, ಗೌರವ, ದುಡಿಮೆ ಮತ್ತು ಸಾರ್ವಜನಿಕ ಕೆಲಸದಲ್ಲಿ ಪಾಲು, ಮಾಹಿತಿ, ಆರೋಗ್ಯ ಸೇವೆ ಹೀಗೆ ಎಂಟು ವಿಷಯಗಳನ್ನು ಅದು ಗುರುತಿಸಿತು. ಶಾಲೆಯ ಮಾರ್ಕ್ಸ್ ಕಾರ್ಡಿನ ಹಾಗೆ ಎಂದುಕೊಳ್ಳಿ. 2015ರಲ್ಲಿ ಇವನ್ನು ಅಳೆಯುವ ಸೂಚಕಗಳ ಇನ್ನೊಂದು ಕೈಪಿಡಿಯೂ ಬಂತು.

ಎಂಟರಲ್ಲಿ ಒಂದನ್ನು ನಮ್ಮಲ್ಲಿಗೆ ಹಚ್ಚಿ ನೋಡೋಣ. ಆರೋಗ್ಯ ಸೇವೆಗೆ ಕಾಗದದ ಮೇಲೆ ನಮಗೆ ಪೂರ್ತಿ ಅಂಕ. 1848ರಷ್ಟು ಹಳೆಯ ವೆನ್ಲಾಕ್ ಆಸ್ಪತ್ರೆ ಇದೆ, ಅತ್ತ ಮಣಿಪಾಲ ಇದೆ, ದಕ್ಷಿಣ ಕನ್ನಡ ಒಂದರಲ್ಲೇ ಮೆಡಿಕಲ್ ಕಾಲೇಜುಗಳು ಐದಾರಕ್ಕಿಂತ ಜಾಸ್ತಿ. ತಲಾ ಹಾಸಿಗೆ ಎಷ್ಟು ಎಂದು ಭಾಗಿಸಿದರೆ ಖುಷಿಯಾಗುವ ಉತ್ತರವೇ ಬರುತ್ತದೆ. ಆದರೆ ಆ ಹಾಸಿಗೆಗೂ ಒಳಗಿನ ಊರಿನ ಒಬ್ಬ ಅಜ್ಜಿಗೂ ನಡುವೆ ಒಂದು ಬಸ್ಸಿದೆ, ಒಂದು ಹೆದ್ದಾರಿ ಇದೆ. ಈ ಎರಡೂ ಆರೋಗ್ಯದ ಕಾಲಂನಲ್ಲಿ ಬರುವುದೇ ಇಲ್ಲ.

ಹೆದ್ದಾರಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಪಾದಚಾರಿ ಸಿಗ್ನಲ್‌ಗಳ ಸಮಯ ನಿಗದಿ ಮಾಡುವಾಗ ಬಹಳ ಕಡೆ ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದು ಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆ ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಂಡಸರ ಸರಾಸರಿ 0.9 ಮೀಟರ್, ಹೆಂಗಸರದ್ದು 0.8 ಮೀಟರ್ ಬಂತು. ಗಂಡಸರಲ್ಲಿ 84 ಶೇಕಡಾ, ಹೆಂಗಸರಲ್ಲಿ 94 ಶೇಕಡಾ ಜನರಿಗೆ ಆ 1.2 ಮೀಟರಿನ ವೇಗ ಮುಟ್ಟಲು ಆಗಲಿಲ್ಲ.

ಈಗ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬನ್ನಿ. ಸುರತ್ಕಲ್, ಉಡುಪಿ, ಕುಂದಾಪುರದ ಉದ್ದಕ್ಕೂ ಇದು ಊರುಗಳನ್ನು ಸೀಳಿಕೊಂಡೇ ಹೋಗುತ್ತದೆ. ಮನೆ ಈ ಬದಿಗೆ, ಬಸ್ ಸ್ಟಾಪು ಆ ಬದಿಗೆ. ಡಿವೈಡರಿನ ಒಂದು ಬದಿಯ ರಸ್ತೆ ಸುಮಾರು 7 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಅದನ್ನು ದಾಟಲು ಹತ್ತಿರ ಹತ್ತಿರ 9 ಸೆಕೆಂಡ್ ಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 200 ಮೀಟರಿನಷ್ಟು ದೂರ ಬಂದುಬಿಡುತ್ತದೆ. ಅಂದರೆ ಅಜ್ಜಿ 200 ಮೀಟರ್ ಆಚೆಯ ಕಾರಿನ ವೇಗವನ್ನು, ಪೊರೆ ಬಂದ ಕಣ್ಣಿನಲ್ಲಿ, ಮಳೆಯ ನಡುವೆ ಅಂದಾಜು ಮಾಡಬೇಕು. ಹಾಗೆ ದಾಟಿದರೂ ಅರ್ಧ ರಸ್ತೆ ಮಾತ್ರ ಆಯಿತು. ಇನ್ನರ್ಧಕ್ಕೆ ಪುನಃ ಕಾಯಬೇಕು. ಅವರು ಸಕ್ಕರೆ ಕಾಯಿಲೆಯ ಮಾಮೂಲಿ ತಪಾಸಣೆಯನ್ನು ಮುಂದಿನ ತಿಂಗಳಿಗೆ ಹಾಕಿದರೆ ನಾವು ‘ಹಳೆಯ ಕಾಲದವರು, ಅಸಡ್ಡೆ’ ಅನ್ನುತ್ತೇವೆ.

ವೃದ್ಧಾಪ್ಯದ ಅಧ್ಯಯನದಲ್ಲಿ ದೇಹದ ಶಕ್ತಿಯನ್ನು ಸುತ್ತಲಿನ ಜಾಗದಿಂದ ಬೇರೆ ಮಾಡಿ ನೋಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಪೊವೆಲ್ ಲಾಟನ್ ಮತ್ತು ಲುಸಿಲ್ ನಹೆಮೊ 1973ರಲ್ಲೇ ಇದನ್ನು ಹೇಳಿದ್ದರು. ವ್ಯಕ್ತಿಯ ಸಾಮರ್ಥ್ಯ ಕುಗ್ಗಿದಂತೆ ಸುತ್ತಲಿನ ಸಣ್ಣ ಅಡಚಣೆಯೂ ಅವರ ಮೇಲೆ ದೊಡ್ಡ ಒತ್ತಡ ಹಾಕುತ್ತದೆ ಎಂಬುದು ಅವರ ವಾದ. ಗಟ್ಟಿ ಕಾಲಿನವರಿಗೆ ಸಡಿಲ ಚಪ್ಪಡಿ ಗಮನಕ್ಕೇ ಬರುವುದಿಲ್ಲ. ಮಂಡಿ ಸವೆದವರಿಗೆ ಅದೊಂದೇ ಸಾಕು, ಆ ದಾರಿಯನ್ನೇ ಬಿಡಲು.

ಚಪ್ಪಡಿ ಅಂದೆ. ನಮ್ಮಲ್ಲಿ ಫುಟ್‌ಪಾತ್ ಅಂದರೆ ಹೆಚ್ಚಿನ ಕಡೆ ಚರಂಡಿಯ ಮೇಲಿನ ಕಾಂಕ್ರೀಟ್ ಸ್ಲ್ಯಾಬೇ ಅಲ್ವಾ? ಅಳತೆಪಟ್ಟಿ ಹಿಡಿದು ಬಂದವರಿಗೆ ಅಗಲ ಸರಿಯಾಗಿಯೇ ಸಿಗಬಹುದು. ಕಾಲಿಟ್ಟಾಗ ಸ್ಲ್ಯಾಬು ಅಲ್ಲಾಡುತ್ತದೆಯೇ, ಎರಡರ ನಡುವೆ ಊರುಗೋಲು ಸಿಕ್ಕಿಕೊಳ್ಳುತ್ತದೆಯೇ, ಜುಲೈಯಲ್ಲಿ ಅದರ ಮೇಲೆ ಹಾವಸೆ ಕಟ್ಟುತ್ತದೆಯೇ ಎಂಬುದಕ್ಕೆ ಫಾರ್ಮಿನಲ್ಲಿ ಜಾಗ ಇರುವುದಿಲ್ಲ.

ಹಾಗಾದರೆ ಮನೆಗೇ ಹೋಗಿ ಕೇಳಿದರಾಯಿತು ಅನ್ನಬಹುದು. ಅಲ್ಲೂ ಒಂದು ಕಷ್ಟ ಇದೆ. ‘ತೃಪ್ತಿ ಇದೆಯೇ, ತೊಂದರೆ ಏನಾದರೂ ಇದೆಯೇ’ ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: ‘ಹಾಗೆಂತ ತೊಂದರೆ ಇಲ್ಲ ಮಗಾ, ಚಾ ಕುಡಿದು ಹೋಗು.’ ಮುಂಬೈಯಲ್ಲೋ ದುಬೈಯಲ್ಲೋ ಇರುವ ಮಕ್ಕಳ ಹೆಸರು ಕೆಡಬಾರದು ಎಂಬ ಎಚ್ಚರ ಅದರಲ್ಲಿರುತ್ತದೆ. ಜೊತೆಗೆ, ಆಗದ್ದನ್ನು ಜನ ನಿಧಾನವಾಗಿ ಆಸೆಪಡುವುದನ್ನೇ ಬಿಡುತ್ತಾರೆ. ಪೇಟೆಗೆ ಹೋಗುವುದನ್ನು ಮೂರು ವರ್ಷದ ಹಿಂದೆ ಕೈಬಿಟ್ಟವರಿಗೆ ಇವತ್ತು ಬಸ್ಸಿನ ಬಗ್ಗೆ ದೂರು ಎಲ್ಲಿಂದ ಬರಬೇಕು? ಹಿರಿಯರ ಸಹಾಯವಾಣಿ 14567ಕ್ಕೆ ಒಂದು ಊರಿನಿಂದ ಕರೆ ಕಡಿಮೆ ಬಂದರೆ ಅಲ್ಲಿ ಎಲ್ಲ ಸರಿಯಿದೆ ಎಂದು ತಿಳಿಯುವುದೂ ಇಂಥದ್ದೇ ತಪ್ಪು.

ಆದ್ದರಿಂದ ಅಭಿಪ್ರಾಯ ಕೇಳುವ ಬದಲು ಓಡಾಟ ಕೇಳಬೇಕು. ಇದಕ್ಕೆ ನನಗೆ ತುಂಬಾ ಹಿಡಿಸಿದ ಒಂದು ಅಳತೆ ಇದೆ. ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯದವರು ರೂಪಿಸಿದ್ದು. ಕಳೆದ ನಾಲ್ಕು ವಾರಗಳಲ್ಲಿ ನೀವು ಎಲ್ಲಿಯವರೆಗೆ ಹೋಗಿದ್ದೀರಿ ಎಂದು ಅದು ಕೇಳುತ್ತದೆ. ಮಲಗುವ ಕೋಣೆಯಿಂದ ಹೊರಗೆ ಬಂದು ಮನೆಯೊಳಗೆ ಓಡಾಡಿದರೆ 1, ಜಗಲಿ ಅಂಗಳ 2, ನೆರೆಕರೆ 3, ಪೇಟೆ 4, ಪರವೂರು 5. ಪ್ರತಿಯೊಂದನ್ನೂ ಎಷ್ಟು ಸಲ ಹೋದಿರಿ ಎಂಬುದರಿಂದ ಗುಣಿಸುತ್ತಾರೆ: ದಿನಾ ಹೋದರೆ 4, ವಾರಕ್ಕೆ ಒಂದು ಸಲಕ್ಕಿಂತ ಕಡಿಮೆಯಾದರೆ 1, ನಡುವೆ 2 ಮತ್ತು 3. ಬಂದದ್ದನ್ನು ನೆರವಿನ ಲೆಕ್ಕದಲ್ಲಿ ಮತ್ತೆ ಗುಣಿಸುತ್ತಾರೆ: ಯಾರ ನೆರವೂ ಇಲ್ಲದೆ ಹೋದರೆ 2, ಕೋಲು ಹಿಡಿದರೆ 1.5, ಇನ್ನೊಬ್ಬರ ಕೈ ಬೇಕಾದರೆ 1. ಎಲ್ಲ ಕೂಡಿಸಿದರೆ ಗರಿಷ್ಠ 120.

ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಜನವರಿಯಲ್ಲಿ ಮನೆಯೊಳಗೂ ಅಂಗಳದಲ್ಲೂ ದಿನಾ ಒಬ್ಬರೇ ಓಡಾಡುತ್ತಾರೆ: 8 ಮತ್ತು 16. ಕೋಲು ಹಿಡಿದು ದಿನಾ ನೆರೆಮನೆಗೆ ಹೋಗಿ ಮಾತಾಡಿ ಬರುತ್ತಾರೆ: 18. ತಿಂಗಳಿಗೊಮ್ಮೆ ಸೊಸೆಯ ಜೊತೆ ಪೇಟೆಗೆ: 4. ಒಟ್ಟು 46. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಅದೇ ಅಜ್ಜಿ. ಅಂಗಳ ಜಾರುತ್ತದೆ, ಅಡಿಕೆ ಸೋಗೆ ಹಾಸಿದ್ದರೂ ಕೋಲು ಬೇಕು: 16 ಇದ್ದದ್ದು 12 ಆಯಿತು. ನೆರೆಮನೆಗೆ ಯಾರಾದರೂ ಕೈ ಹಿಡಿದರೆ ಮಾತ್ರ, ವಾರಕ್ಕೆ ಎರಡು ಸಲ: 6. ಪೇಟೆ ಬಂದ್. ಮನೆಯೊಳಗಿನ 8 ಸೇರಿ ಒಟ್ಟು 26.

ಆರು ತಿಂಗಳಲ್ಲಿ ಮಂಡಿ ಅಷ್ಟು ಸವೆಯುವುದಿಲ್ಲ. ಥಂಡಿಗೆ ಗಂಟುನೋವು ಸ್ವಲ್ಪ ಏರಬಹುದು, ಮಳೆಗೆ ಹೊರಡುವ ಮನಸ್ಸೂ ಕಡಿಮೆಯಾಗಬಹುದು, ಅದನ್ನು ಕಳೆಯಿರಿ. ಉಳಿದ ಇಳಿತದಲ್ಲಿ ದೊಡ್ಡ ಪಾಲು ದಾರಿಯದ್ದು, ಕಾಲುಸಂಕದ್ದು, ಬಸ್ ಸ್ಟಾಪಿನದ್ದು. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಜನವರಿಯಲ್ಲಿ ಮಾತ್ರ ಸಮೀಕ್ಷೆ ಮಾಡಿದರೆ ಈ ಇಳಿತ ಕಾಣುವುದೇ ಇಲ್ಲ. ಸಮೀಕ್ಷೆಯವರಿಗೂ ಮಳೆಯಲ್ಲಿ ಮನೆಮನೆ ಸುತ್ತುವುದು ಕಷ್ಟ, ಹಾಗಾಗಿ ಎಲ್ಲವೂ ಬಿಸಿಲುಕಾಲದಲ್ಲೇ ನಡೆಯುತ್ತದೆ.

ಬಸ್ಸಿನ ವಿಷಯದಲ್ಲಿ ಕಾಗದ ಇನ್ನೂ ಚೆನ್ನಾಗಿ ಮೋಸ ಮಾಡುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ‘ಉಚಿತ ಪ್ರಯಾಣಕ್ಕೆ ಅರ್ಹರಾದ ಅಜ್ಜಿಯರು’ ಎಂಬ ಸೂಚಕ ಇಟ್ಟರೆ ಬೆಂಗಳೂರಿಗೂ ಮಂಗಳೂರಿಗೂ ಸಮ ಅಂಕ. ಆದರೆ ನಮ್ಮಲ್ಲಿ ಸಿಟಿ ಬಸ್ ಅಂದರೆ ಬಹುಪಾಲು ಖಾಸಗಿ, ನರ್ಮ್ ಅನ್ನುವ ಸರ್ಕಾರಿ ಸಿಟಿ ಬಸ್ಸು ಅಲ್ಲೊಂದು ಇಲ್ಲೊಂದು. ಇನ್ನು ಮಾಮೂಲಿ ಬಸ್ಸಿನ ನೆಲ ರಸ್ತೆಯಿಂದ ಸುಮಾರು 900 ಮಿಲಿಮೀಟರ್ ಎತ್ತರ, ಲೋ ಫ್ಲೋರ್ ಬಸ್ಸಿನದ್ದು 400. ಟೈಮಿಂಗ್‌ಗೆ ಓಡುವ ಬಸ್ಸಿನಲ್ಲಿ ಆ ಎತ್ತರ ಏರಲು ಸಿಗುವ ಸಮಯ ಎಷ್ಟೆಂದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹಿಡಿದವರಿಗೆಲ್ಲ ಗೊತ್ತು. ಕಂಡಕ್ಟರನ್ನು ಬೈದು ಪ್ರಯೋಜನ ಇಲ್ಲ, ಹಿಂದಿನ ಬಸ್ಸು ಹಾರ್ನ್ ಹಾಕುತ್ತಿರುತ್ತದೆ. ಶೌಚಾಲಯದ್ದೂ ಅದೇ ಕತೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಜನ ಪೇಟೆಗೆ ಹೊರಡುವ ದಿನ ಅದನ್ನೇ ಬಿಟ್ಟು ಹೊರಡುತ್ತಾರೆ. ಇದು ಯಾವ ಸಾರಿಗೆ ಅಂಕಿಅಂಶದಲ್ಲೂ ಬರುವುದಿಲ್ಲ.

ಮನೆಮನೆಗೆ ಹೋಗಿ ಎಣಿಸುವವರು ಯಾರು? ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರೆ ಜಾಸ್ತಿ. ಕರಾವಳಿಗೆ ಇನ್ನೊಂದು ಹಳೆಯ ದಾರಿ ಗೊತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿಯವರು ಸೊಸೈಟಿಗಳ ಹೆಸರಿನಲ್ಲಿ ಇವತ್ತಿಗೂ ಅಂಗಡಿ, ಮನೆ ಸುತ್ತುತ್ತಾರೆ. ಪೋಸ್ಟ್‌ಮ್ಯಾನ್, ಮೀಟರ್ ರೀಡರ್, ಮೀನು ಮಾರುವ ಬಾಯಮ್ಮ ಇವರಿಗೆಲ್ಲ ಯಾವ ಮನೆಯಲ್ಲಿ ಯಾರು ಒಂಟಿ, ಯಾರು ಈಚೆಗೆ ಗೇಟಿನ ತನಕ ಬರುವುದನ್ನೂ ನಿಲ್ಲಿಸಿದ್ದಾರೆ ಎಂಬುದು ಪಂಚಾಯಿತಿಗಿಂತ ಮೊದಲೇ ಗೊತ್ತಿರುತ್ತದೆ. ಪ್ರಶ್ನೆ ಕೇಳುವ ಕೆಲಸ ಇವರದ್ದಲ್ಲ. ಆದರೆ ಯಾವ ಮನೆಗಳನ್ನು ಬಿಡಬಾರದು ಎಂಬ ಪಟ್ಟಿ ಇವರಿಂದ ಶುರುವಾದರೆ ಪಾರ್ಕಿನ ಪಟ್ಟಿಗಿಂತ ಖಂಡಿತ ಮೇಲು. ಒಂದೇ ಎಚ್ಚರ: ಒಂಟಿಯಾಗಿರುವ ಹಿರಿಯರ ಮನೆಗಳ ಪಟ್ಟಿ ಕಳ್ಳರಿಗೂ ಬೇಕಾದದ್ದೇ. ಅದು ಆರೋಗ್ಯ ಕೇಂದ್ರದ ಬೀರುವಿನಲ್ಲಿರಲಿ. ವಾರ್ಡಿನ ವಾಟ್ಸ್‌ಆ್ಯಪ್ ಗ್ರೂಪಿಗಂತೂ ಹೋಗುವುದು ಬೇಡ.