ನೋವೇ ಇಲ್ಲದ ಮಣಿಕಟ್ಟಿನಲ್ಲೂ ಹರಕು

ಕಿರುಬೆರಳಿನ ಸಾಲು ಹಿಡಿದು ಮಣಿಕಟ್ಟಿನವರೆಗೆ ಬನ್ನಿ. ಅಲ್ಲೊಂದು ಮೂಳೆ ಗುಂಡಗೆ ಉಬ್ಬಿರುತ್ತದೆ. ಅದಕ್ಕೆ ಅಂಟಿಕೊಂಡಂತೆ, ಅಂಗೈ ಕಡೆಗೆ ಮೆತ್ತಗಿನ ತಗ್ಗು. ಬೆರಳಿಟ್ಟು ಒತ್ತಿ ನೋಡಿ. ಅದರೊಳಗೆ, ಮುಂದೋಳಿನ ಮೂಳೆಗೂ ಮಣಿಕಟ್ಟಿನ ಪುಟ್ಟ ಮೂಳೆಗಳಿಗೂ ನಡುವೆ, ಮೂರು ಮೂಲೆಯ ಮೆದುಮೂಳೆಯ ಬಿಲ್ಲೆ ಇದೆ. ಒದ್ದೆ ಬಟ್ಟೆ ಹಿಂಡುವಾಗ ಭಾರ ಬೀಳುವುದು ಇದರ ಮೇಲೆ. ಈ ಬಿಲ್ಲೆ ಮತ್ತು ಅದನ್ನು ಹಿಡಿದಿಟ್ಟ ಕಟ್ಟುಗಳಿಗೆ ಸೇರಿ ಡಾಕ್ಟರುಗಳು ಟಿಎಫ್‌ಸಿಸಿ ಅನ್ನುತ್ತಾರೆ.

ಎಂಆರ್‌ಐ ರಿಪೋರ್ಟಿನಲ್ಲಿ 'ಟಿಎಫ್‌ಸಿಸಿ ಟೇರ್' ಅಂತ ಕಂಡರೆ ಎದೆ ಧಸಕ್ಕೆನ್ನುತ್ತದೆ. ಹರಿದಿದೆ ಅಂದಮೇಲೆ ಹೊಲಿಸಬೇಕು, ಅಲ್ವಾ? ಸ್ವಲ್ಪ ತಡೆಯಿರಿ. ಕೆನಡಾದ ವೈದ್ಯರು ಮಣಿಕಟ್ಟಿನ ತೊಂದರೆಯೇ ಇಲ್ಲದ 103 ಜನರ ಎಂಆರ್‌ಐ ಮಾಡಿಸಿದ್ದರು. ಬಿಲ್ಲೆಯ ಬಗ್ಗೆ ವರದಿ ಬಂದದ್ದು 2012ರಲ್ಲಿ. ಆ 103 ಜನರಲ್ಲಿ 39 ಮಂದಿಯಲ್ಲಿ ಅದು ಸರಿಯಿರಲಿಲ್ಲ. ಅವರು ಯಾರೂ ನೋವು ಅಂತ ಬಂದವರಲ್ಲ.

ಇದು ಹೇಗೆ? ಬಿಲ್ಲೆಯ ನಡುಭಾಗ ತೆಳು. ವಯಸ್ಸಾದಂತೆ ಅದು ಸವೆದು ತೂತಾಗಬಹುದು. ಅಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ನರಗಳೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನೋವೂ ಗೊತ್ತಾಗುವುದಿಲ್ಲ. ಅಂಚಿನ ಕಥೆ ಬೇರೆ. ಅಲ್ಲಿ ರಕ್ತವೂ ಇದೆ, ನರವೂ ಇದೆ. ಕೈಯೂರಿ ಬಿದ್ದು ಅಂಚು ಕಿತ್ತರೆ ಆ ತಗ್ಗನ್ನು ಮುಟ್ಟಿದರೂ ಜೀವ ಹೋದಂತಾಗುತ್ತದೆ.

ಆದ್ದರಿಂದ ರಿಪೋರ್ಟ್ ಕೈಗೆ ಬಂದಾಗ ಡಾಕ್ಟರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: 'ನನಗೆ ನೋಯುವ ಜಾಗವೂ ಚಿತ್ರದಲ್ಲಿ ಕಂಡ ಜಾಗವೂ ಒಂದೇನಾ?' ಹೆಬ್ಬೆರಳಿನ ಬುಡ ನೋಯುತ್ತಿದ್ದರೆ, ಕಿರುಬೆರಳಿನ ಕಡೆಯ ತೂತು ಮುಚ್ಚಿ ಏನು ಪ್ರಯೋಜನ? ಸುಮ್ನೆ ಆಪರೇಷನ್ ಆಯಿತು, ನೋವು ಹಾಗೇ ಉಳಿಯಿತು ಅನ್ನುವಂತಾಗಬಾರದು.

ಚಿತ್ರ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸಬಹುದು. ಹೆಬ್ಬೆರಳನ್ನು ಮೇಲಕ್ಕೆ ಸೆಟೆದು ಹಿಡಿಯಿರಿ. ಬುಡದಲ್ಲಿ ಹಗ್ಗದಂಥ ಎರಡು ಹುರಿಗಳ ನಡುವೆ ಗುಳಿ ಬೀಳುತ್ತದೆ. ಅದರ ತಳದಲ್ಲಿರುವುದು ಸ್ಕ್ಯಾಫಾಯ್ಡ್ ಮೂಳೆ. ಬಿದ್ದ ಮೊದಲ ದಿನಗಳಲ್ಲಿ ಇದರ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ರಿಪೋರ್ಟ್ 'ನಾರ್ಮಲ್' ಅಂದರೂ, ಆ ಗುಳಿ ಒತ್ತಿದಾಗ ನೋವಾದರೆ ಡಾಕ್ಟರು ಕೈಗೆ ಪಟ್ಟಿ ಕಟ್ಟಿ, ಎರಡು ವಾರದೊಳಗೆ ಮತ್ತೆ ಚಿತ್ರ ತೆಗೆಸುತ್ತಾರೆ.